ಅರ್ಧ ದುಡ್ಡು ಸರ್ಕಾರದ್ದು, ಇನ್ನರ್ಧ ಯಾರದು?

ಹಂದಿ ಸಾಕಿದರೆ ಸರ್ಕಾರ ದುಡ್ಡು ಕೊಡುತ್ತದಂತೆ! ನಿಜ, ಕೊಡುತ್ತದೆ. ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಹೊಸ ರೂಪ ಪಡೆದ ಮೇಲೆ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ ವೆಚ್ಚದ ಅರ್ಧ, ಹೆಚ್ಚೆಂದರೆ 30 ಲಕ್ಷ ರೂಪಾಯಿ ಸಬ್ಸಿಡಿ. 50 ಹೆಣ್ಣು, 5 ಗಂಡಿಗಾದರೆ 15 ಲಕ್ಷದವರೆಗೆ.

ಕೇಳಲು ಸೊಗಸು. ಆದರೆ ಉಳಿದರ್ಧಕ್ಕೆ ಬ್ಯಾಂಕ್ ಸಾಲ, ಇಲ್ಲವೇ ಸ್ವಂತ ಗಂಟು. ಸಬ್ಸಿಡಿಯೂ ಬರುವುದು ಎರಡು ಕಂತಿನಲ್ಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಹೊಲ-ತೋಟ ಇದ್ದವರು ಹೇಗೋ ಹೊಂದಿಸಿಯಾರು. ಮೇವಿಗೆ ಮೆಕ್ಕೆಜೋಳವೂ ಉಂಟು. ತಲೆತಲಾಂತರದಿಂದ ಹಂದಿಯನ್ನೇ ನಂಬಿದ ಕೊರಮ, ಹಂದಿಜೋಗಿ ಕುಟುಂಬಗಳ ಗತಿಯೇನು? ಐದಾರು ಹಂದಿಯೇ ಆಸ್ತಿ ಎನ್ನುವವರಿಗೆ 50 ಹಂದಿಯ ಶೆಡ್ಡಿಗೆ ಜಾಗ ಎಲ್ಲಿ, ಜಾಮೀನು ಎಲ್ಲಿ?

ಇದರ ಮೇಲೆ ರೋಗದ ಭಯ ಬೇರೆ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಂಡ ಆಫ್ರಿಕನ್ ಹಂದಿ ಜ್ವರಕ್ಕೆ ಮದ್ದಿಲ್ಲ. ಒಂದಕ್ಕೆ ತಗುಲಿದರೆ ಇಡೀ ದೊಡ್ಡಿಯನ್ನೇ ಕೊಂದು ಹೂಳಬೇಕು. ಜ್ವರ ಮನುಷ್ಯರಿಗೆ ಅಂಟದು, ಅಂಟುವುದು ಸಾಲ. ಮಿಷನ್ನಿನಡಿ ವಿಮೆಯುಂಟು. 2024ರಿಂದ ವಿಮೆ ಕಂತಿನಲ್ಲಿ ಸಾಕುವವರ ಪಾಲು ಶೇ. 15 ಅಷ್ಟೇ. ಇದನ್ನು ಕೇರಿಗೆ ಹೋಗಿ ಹೇಳುವವರು ಬೇಕು.

ಐದು ಹಂದಿಯವನಿಗೂ ದಕ್ಕುವ ಯೋಜನೆ ಬರಲಿ, ಊರಾಚೆ ಶೆಡ್ಡಿಗೆ ಜಾಗ ಸಿಗಲಿ. ಅಂಗಡಿ ಮುಂದೆ ಹಂದಿ ಕಾಟ ಎಂದು ದೂರುವ ವರ್ತಕರಿಗೂ ಲಾಭ ಅದರಲ್ಲೇ ಇದೆ!