ಅಣುಬಾಂಬ್ ಇದ್ದವನು ಗಡಿ ದಾಟಿದಾಗ

2022ರ ಮಾರ್ಚ್ ಮೊದಲ ವಾರ ಅಮೆರಿಕ ಹಾರಿಸಬೇಕಿದ್ದ ಒಂದು ಕ್ಷಿಪಣಿಯನ್ನು ಹಾರಿಸಲಿಲ್ಲ. ಮಿನಿಟ್‌ಮ್ಯಾನ್-3 ಎಂಬ ಖಂಡಾಂತರ ಕ್ಷಿಪಣಿಯ ಪರೀಕ್ಷೆ ಅದು. ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಯಲ್ಲಿ ಇಂಥವು ಆಗಾಗ ನಡೆಯುತ್ತವೆ. ಮೂತಿಯಲ್ಲಿ ಸಿಡಿತಲೆ ಇರುವುದಿಲ್ಲ, ಸುದ್ದಿಯೂ ಆಗುವುದಿಲ್ಲ. ಆದರೆ ಫೆಬ್ರುವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತ್ತು. 27ರಂದು ಅಧ್ಯಕ್ಷ ಪುಟಿನ್ ಟಿ.ವಿ. ಕ್ಯಾಮೆರಾಗಳ ಮುಂದೆಯೇ ತಮ್ಮ ಅಣ್ವಸ್ತ್ರ ಪಡೆಗಳಿಗೆ ವಿಶೇಷ ಸನ್ನದ್ಧತೆಯ ಆದೇಶ ಕೊಟ್ಟಿದ್ದರು. ಪ್ರತಿಯಾಗಿ ಅಮೆರಿಕ ತನ್ನ ಅಣ್ವಸ್ತ್ರಗಳ ಸನ್ನದ್ಧತೆಯನ್ನು ಒಂದು ಹಂತವೂ ಏರಿಸಲಿಲ್ಲ. ಪರೀಕ್ಷೆಯನ್ನು ಮೊದಲು ಮುಂದೂಡಿತು, ತಿಂಗಳ ಬಳಿಕ ರದ್ದೇ ಮಾಡಿತು.

ಇದನ್ನು ಹೇಡಿತನ ಎಂದವರು ಅಮೆರಿಕದಲ್ಲೇ ಇದ್ದರು. ಆದರೆ ರಷ್ಯಾದ ಮುನ್ನೆಚ್ಚರಿಕೆ ಕೇಂದ್ರದಲ್ಲಿ ಪರದೆ ನೋಡುತ್ತ ಕೂತ ಅಧಿಕಾರಿಯ ಕಡೆಯಿಂದ ಯೋಚಿಸಬೇಕು. ರಾಕೆಟ್ಟಿನ ಬೆಂಕಿಬಾಲ ಹೊಮ್ಮಿಸುವ ಅವಗೆಂಪು ಕಿರಣಗಳನ್ನು ಉಪಗ್ರಹ ಹಿಡಿಯುತ್ತದೆ. ಅದಕ್ಕೆ ಬೆಂಕಿ ಕಾಣುತ್ತದೆ, ಉದ್ದೇಶ ಕಾಣುವುದಿಲ್ಲ. ಒಂದು ಖಂಡದಿಂದ ಇನ್ನೊಂದಕ್ಕೆ ಕ್ಷಿಪಣಿ ತಲುಪಲು ಸುಮಾರು 30 ನಿಮಿಷ ಸಾಕು, ಹತ್ತಿರದ ಜಲಾಂತರ್ಗಾಮಿಯಿಂದಾದರೆ ಅದರ ಅರ್ಧ. ಅಷ್ಟರಲ್ಲಿ ನೋಡಬೇಕು, ಖಚಿತಪಡಿಸಿಕೊಳ್ಳಬೇಕು, ತೀರ್ಮಾನಿಸಬೇಕು. 1983ರ ಸೆಪ್ಟೆಂಬರಿನಲ್ಲಿ ಮೋಡದ ಮೇಲೆ ಬಿದ್ದ ಬಿಸಿಲನ್ನು ಸೋವಿಯತ್ ಉಪಗ್ರಹ ಅಮೆರಿಕದ ಕ್ಷಿಪಣಿಗಳೆಂದು ವರದಿ ಮಾಡಿತ್ತು. ಅಂದು ಪಾಳಿಯಲ್ಲಿದ್ದ ಸ್ತಾನಿಸ್ಲಾವ್ ಪೆಟ್ರೋವ್ ಯಂತ್ರವನ್ನು ನಂಬದೆ ಅದು ಸುಳ್ಳು ಎಚ್ಚರಿಕೆ ಎಂದೇ ವರದಿ ಮಾಡಿದರು. ಅಂಥ ವಿವೇಕಿ ಪ್ರತಿ ಪಾಳಿಯಲ್ಲೂ ಸಿಗುತ್ತಾನೆಂದು ನೆಚ್ಚುವಂತಿಲ್ಲ.

ಎರಡೂ ಕಡೆ ಒಬ್ಬರನ್ನೊಬ್ಬರು ಅಳಿಸಿಹಾಕುವಷ್ಟು ಬಾಂಬುಗಳಿದ್ದರೆ ಮಹಾಯುದ್ಧ ಅಸಾಧ್ಯವಾಗುತ್ತದೆ, ಆ ಭರವಸೆಯಿಂದಲೇ ಸಣ್ಣ ಯುದ್ಧ ಸುಲಭವಾಗುತ್ತದೆ ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ಗ್ಲೆನ್ ಸ್ನೈಡರ್ 1965ರಲ್ಲೇ ವಾದಿಸಿದ್ದರು. ನಮಗೆ ಇದು ಪುಸ್ತಕದ ಮಾತಲ್ಲ. 1998ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಎರಡೂ ಅಣುಸ್ಫೋಟ ನಡೆಸಿದವು. ಮರುವರ್ಷವೇ ಪಾಕಿಸ್ತಾನದ ಪಡೆಗಳು ಕಾರ್ಗಿಲ್‌ನಲ್ಲಿ ನಿಯಂತ್ರಣ ರೇಖೆ ದಾಟಿದ್ದವು. ಅವರನ್ನು ಹೊರದಬ್ಬುವಾಗ ಭಾರತದ ವಾಯುಪಡೆಗೆ ಇದ್ದ ಕಟ್ಟಪ್ಪಣೆ ಒಂದೇ: ರೇಖೆ ದಾಟಬೇಡಿ.

ಉಕ್ರೇನ್ ವಿಷಯದಲ್ಲಿ ಅಮೆರಿಕ ಮತ್ತು ಅದರ ಮಿತ್ರದೇಶಗಳು ಎಳೆದುಕೊಂಡ ಗೆರೆಯೂ ಅಂಥದ್ದೇ. ಉಕ್ರೇನ್ ಅವುಗಳ ಸೇನಾಕೂಟವಾದ ನ್ಯಾಟೊದ ಸದಸ್ಯ ದೇಶವಲ್ಲ. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದಂತೆ ಎನ್ನುವ ಒಪ್ಪಂದದ 5ನೇ ವಿಧಿ ಅದಕ್ಕೆ ಅನ್ವಯಿಸುವುದಿಲ್ಲ. ತಮ್ಮ ದೇಶದ ಆಕಾಶವನ್ನು ಹಾರಾಟ ನಿಷೇಧ ವಲಯ ಮಾಡಿ ಎಂದು ಅಧ್ಯಕ್ಷ ಜೆಲೆನ್‌ಸ್ಕಿ ಅಂಗಲಾಚಿದರೂ ನ್ಯಾಟೊ ಒಪ್ಪಲಿಲ್ಲ. ಕೇಳಲು ನಿರಪಾಯವೆನಿಸುವ ಈ ಬೇಡಿಕೆಯ ತಾಂತ್ರಿಕ ಅರ್ಥ ಬೇರೆಯೇ ಇದೆ. ನಿಷೇಧ ಜಾರಿಯಾಗಬೇಕಾದರೆ ನ್ಯಾಟೊ ವಿಮಾನಗಳು ಗಸ್ತು ಹೊಡೆಯಬೇಕು. ಅವು ಉಳಿಯಬೇಕಾದರೆ ಮೊದಲು ರಷ್ಯಾದ ನೆಲದೊಳಗಿರುವ ವಿಮಾನ ನಿರೋಧಕ ಕ್ಷಿಪಣಿ ನೆಲೆಗಳನ್ನೂ ರಾಡಾರ್‌ಗಳನ್ನೂ ಒಡೆಯಬೇಕು. ಅಂದರೆ ಮೊದಲ ದಿನವೇ ಎರಡು ಅಣ್ವಸ್ತ್ರ ಬಣಗಳ ನೇರ ಯುದ್ಧ. ಇಷ್ಟಾಗಿಯೂ ನೆಲದಿಂದ ಹಾರುವ ಶೆಲ್‌ಗಳು ನಿಲ್ಲುತ್ತಿರಲಿಲ್ಲ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಬಲಿಯಾದದ್ದು ಶೆಲ್ ದಾಳಿಗೆ.

ಸೈನಿಕರನ್ನು ಕಳಿಸುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಉಳಿದದ್ದು ಶಸ್ತ್ರಾಸ್ತ್ರ. ಅದನ್ನು ಕೊಟ್ಟ ರೀತಿ ಸಾರಿಗೆ ಉಪ್ಪು ಹಾಕಿದ ಹಾಗೆ: ಒಂದು ಚಿಟಿಕೆ, ರುಚಿ ನೋಡು, ಇನ್ನೊಂದು ಚಿಟಿಕೆ; ಹೆಚ್ಚಾದರೆ ತೆಗೆಯಲಾಗುವುದಿಲ್ಲ. ಮೊದಲು ಹೆಗಲ ಮೇಲಿಟ್ಟು ಹಾರಿಸುವ ಜಾವೆಲಿನ್, ಸ್ಟಿಂಗರ್ ಕ್ಷಿಪಣಿಗಳು. ಏಪ್ರಿಲ್‌ನಲ್ಲಿ ಹೊವಿಟ್ಜರ್ ಫಿರಂಗಿಗಳು. ಜೂನ್‌ನಲ್ಲಿ ಹೈಮಾರ್ಸ್ ರಾಕೆಟ್ ವಾಹನ. ಇಲ್ಲಿ ಗಮನಿಸಬೇಕಾದ್ದು ವಾಹನವನ್ನಲ್ಲ, ಅದಕ್ಕೆ ತುಂಬಿಕೊಟ್ಟ ರಾಕೆಟ್ಟನ್ನು. ಅದೇ ವಾಹನದಿಂದ ಸುಮಾರು 80 ಕಿ.ಮೀ. ಹೋಗುವ ರಾಕೆಟ್ಟನ್ನೂ ಹಾರಿಸಬಹುದು, 300 ಕಿ.ಮೀ. ಹೋಗುವ ಅಟಾಕಮ್ಸ್ ಕ್ಷಿಪಣಿಯನ್ನೂ ಹಾರಿಸಬಹುದು. ಅಮೆರಿಕ ಮೊದಲನೆಯದನ್ನಷ್ಟೇ ಕೊಟ್ಟಿತು. ಮದ್ದುಗುಂಡಿನ ಉಗ್ರಾಣ, ಸೇತುವೆ, ಕಮಾಂಡ್ ಕೇಂದ್ರಗಳಿಗೆ 80 ಕಿ.ಮೀ. ಸಾಕು, ರಷ್ಯಾದ ಒಳಭಾಗಕ್ಕೆ ಸಾಲದು. ಇಲ್ಲಿ ವಿದೇಶಾಂಗ ನೀತಿಯನ್ನು ಕಿಲೋಮೀಟರಿನಲ್ಲಿ ಬರೆಯಲಾಗಿತ್ತು.

2023ರ ಜನವರಿಯಲ್ಲಿ ಲೆಪರ್ಡ್, ಅಬ್ರಾಮ್ಸ್ ಟ್ಯಾಂಕುಗಳಿಗೆ ಒಪ್ಪಿಗೆ ಸಿಕ್ಕಿತು. ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ಟಾರ್ಮ್ ಶ್ಯಾಡೊ ಕ್ಷಿಪಣಿ, ಅಕ್ಟೋಬರಿನಲ್ಲಿ ಕಡಿಮೆ ದೂರದ ಅಟಾಕಮ್ಸ್, 2024ರ ಆಗಸ್ಟ್ ಹೊತ್ತಿಗೆ ಎಫ್-16 ವಿಮಾನ ಬಂದವು. ಆ ವರ್ಷದ ನವೆಂಬರಿನಲ್ಲಿ ಅಟಾಕಮ್ಸ್‌ನಿಂದ ರಷ್ಯಾದ ನೆಲದ ಮೇಲೂ ಹೊಡೆಯಲು ಅನುಮತಿ ಸಿಕ್ಕಿತು. ಬೆನ್ನಲ್ಲೇ ರಷ್ಯಾ ತನ್ನ ಅಣ್ವಸ್ತ್ರ ನೀತಿಯನ್ನು ತಿದ್ದಿ ಬಳಕೆಯ ಸಂದರ್ಭಗಳನ್ನು ಹಿಗ್ಗಿಸಿತು, ಎರಡು ದಿನದ ನಂತರ ಉಕ್ರೇನಿನ ನಿಪ್ರೊ ನಗರದ ಮೇಲೆ ಒರೆಶ್ನಿಕ್ ಎಂಬ ಹೊಸ ಮಧ್ಯಮ ವ್ಯಾಪ್ತಿಯ ಕ್ಷಿಪಣಿಯನ್ನು ಅಣು ಸಿಡಿತಲೆ ಇಲ್ಲದೆ ಹಾರಿಸಿತು. ಹಾರಿಸುವ ತುಸು ಮೊದಲು ಅಮೆರಿಕಕ್ಕೆ ಅಧಿಕೃತ ಮಾರ್ಗದಲ್ಲಿ ಮುನ್ಸೂಚನೆಯನ್ನೂ ಕೊಟ್ಟಿತ್ತು! ಬೆದರಿಸುವವನಿಗೂ ತನ್ನ ಬೆದರಿಕೆಯನ್ನು ಎದುರಾಳಿ ಅಣುದಾಳಿಯೆಂದು ತಪ್ಪು ತಿಳಿದಾನೆಂಬ ಭಯ ಇತ್ತು.

ಇಂಥ ಬೆದರಿಕೆಗಳಲ್ಲಿ ಯಾವುದು ಮಾತು, ಯಾವುದು ತಯಾರಿ? ಇದಕ್ಕೆ ಉತ್ತರ ಹುಡುಕುವ ಕೆಲಸ ಭಾಷಣ ಕೇಳುವವರದಲ್ಲ, ಉಪಗ್ರಹ ಚಿತ್ರ ನೋಡುವವರದು. ರಷ್ಯಾದ ಕಿರುವ್ಯಾಪ್ತಿಯ ಅಣು ಸಿಡಿತಲೆಗಳು ಕ್ಷಿಪಣಿಗಳ ಮೇಲೆ ಜೋಡಿಸಿಟ್ಟಿರುವುದಿಲ್ಲ. ರಕ್ಷಣಾ ಸಚಿವಾಲಯದ 12ನೇ ನಿರ್ದೇಶನಾಲಯದ ಕಾವಲಿನ ಕೇಂದ್ರ ಉಗ್ರಾಣಗಳಲ್ಲಿರುತ್ತವೆ. ಹೊರತೆಗೆಯಬೇಕಾದರೆ ವಿಶೇಷ ಲಾರಿ, ರೈಲು, ಬೆಂಗಾವಲು ಪಡೆ ಎಲ್ಲ ಚಲಿಸಬೇಕು. 2022ರ ಅಕ್ಟೋಬರಿನಲ್ಲಿ ತಾನು ಹಿಡಿದಿದ್ದ ಉಕ್ರೇನಿನ ಖೆರ್ಸೋನ್ ನಗರ ಕೈತಪ್ಪುವ ಸೂಚನೆ ಕಂಡು ಮಾಸ್ಕೋದ ಮಾತು ಬಿಸಿಯೇರಿದಾಗ ಅಮೆರಿಕದ ಅಂದಿನ ಅಧ್ಯಕ್ಷ ಬೈಡನ್ ಜಗತ್ಪ್ರಳಯದ ಮಾತಾಡಿದ್ದರು. ಆದರೆ ಉಗ್ರಾಣಗಳಲ್ಲಿ ಅಂಥ ಚಲನೆ ಕಾಣುತ್ತಿಲ್ಲವೆಂದು ಅವರದೇ ಅಧಿಕಾರಿಗಳು ಮತ್ತೆ ಮತ್ತೆ ಹೇಳಿದರು. ನವೆಂಬರ್ 11ರ ಹೊತ್ತಿಗೆ ರಷ್ಯಾ ಅಣುಬಾಂಬ್ ಹಾಕದೆ ಖೆರ್ಸೋನ್ ಬಿಟ್ಟು ಹೋಯಿತು.

ನಾಲ್ಕೇ ದಿನಗಳಲ್ಲಿ ಇನ್ನೂ ಕಠಿಣ ಪರೀಕ್ಷೆ. ನ್ಯಾಟೊ ಸದಸ್ಯ ದೇಶ ಪೋಲೆಂಡಿನ ಗಡಿಹಳ್ಳಿ ಪ್ಶೆವೊದುವ್‌ನಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ರಷ್ಯಾದ ಕ್ಷಿಪಣಿ ಎಂಬ ಸುದ್ದಿ ಗಂಟೆಯೊಳಗೆ ಜಗತ್ತು ಸುತ್ತಿತು. 5ನೇ ವಿಧಿ ಎಂಬ ಪದ ಎಲ್ಲರ ಬಾಯಲ್ಲಿ. ಆಗ ಬಾಲಿಯ ಜಿ-20 ಸಭೆಯಲ್ಲಿದ್ದ ಬೈಡನ್, ಅದರ ಪಥ ನೋಡಿದರೆ ರಷ್ಯಾದಿಂದ ಬಂದದ್ದೆಂದು ತೋರುವುದಿಲ್ಲ ಎಂದರು. ರಾಡಾರ್ ದಾಖಲೆಗಳೂ ಅವಶೇಷಗಳೂ ಸೇರಿ ಮರುದಿನ ಚಿತ್ರ ತಿಳಿಯಾಯಿತು. ರಷ್ಯಾದ ದಾಳಿಯನ್ನು ತಡೆಯಲು ಉಕ್ರೇನ್ ಹಾರಿಸಿದ್ದ ಕ್ಷಿಪಣಿ ಗುರಿತಪ್ಪಿ ಅಲ್ಲಿ ಬಿದ್ದಿರುವ ಸಾಧ್ಯತೆಯೇ ಹೆಚ್ಚು ಎಂದು ಪೋಲೆಂಡ್, ನ್ಯಾಟೊ ಎರಡೂ ಹೇಳಿದವು. ಇಡೀ ಯುದ್ಧದಲ್ಲಿ ಮಿತ್ರಕೂಟ ಅತ್ಯುತ್ತಮವಾಗಿ ನಡೆದುಕೊಂಡ ರಾತ್ರಿ ಇದು ಎಂದು ನನ್ನ ಎಣಿಕೆ.

ಆರ್ಥಿಕ ಅಸ್ತ್ರದ ಬಗ್ಗೆ ಅಷ್ಟು ಹೊಗಳಿಕೆ ಸಲ್ಲದು. ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ಆಸ್ತಿಯನ್ನು ಪಾಶ್ಚಾತ್ಯ ದೇಶಗಳು ಸ್ತಂಭನಗೊಳಿಸಿದವು. 2022ರ ಡಿಸೆಂಬರಿನಲ್ಲಿ ತೈಲಕ್ಕೆ ಬ್ಯಾರೆಲಿಗೆ 60 ಡಾಲರಿನ ಮಿತಿ ಹಾಕಿದವು. ಅದರ ಕೀಲಿ ಇದ್ದದ್ದು ವಿಮೆಯಲ್ಲಿ. ಜಗತ್ತಿನ ಬಹುಪಾಲು ಹಡಗುಗಳಿಗೆ ವಿಮೆ ಕೊಡುವುದು ಯುರೋಪಿನ, ಅದರಲ್ಲೂ ಲಂಡನ್ನಿನ ಸಂಸ್ಥೆಗಳು. ಮಿತಿಗಿಂತ ಹೆಚ್ಚು ಬೆಲೆಯ ರಷ್ಯಾ ತೈಲ ಹೊತ್ತ ಹಡಗಿಗೆ ವಿಮೆ ಇಲ್ಲ. ಜಾಣ ಉಪಾಯವೇ. ಆದರೆ ರಷ್ಯಾ ಹಳೆಯ ಟ್ಯಾಂಕರುಗಳನ್ನು ಕೂಡಿಹಾಕಿ ನೆರಳು ನೌಕಾಬಳಗವನ್ನೇ ಕಟ್ಟಿಕೊಂಡಿತು. ಭಾರತದ ಕಚ್ಚಾ ತೈಲ ಆಮದಿನಲ್ಲಿ ಯುದ್ಧಕ್ಕೆ ಮೊದಲು ಶೇ 2ನ್ನೂ ಮುಟ್ಟದಿದ್ದ ರಷ್ಯಾದ ಪಾಲು ಮೂರರಲ್ಲಿ ಒಂದನ್ನು ದಾಟಿತು; ಮಂಗಳೂರಿನ ಎಂಆರ್‌ಪಿಎಲ್‌ಗೂ ಆ ತೈಲ ಬಂತು. ರಷ್ಯಾದ ಆರ್ಥಿಕತೆ 2022ರಲ್ಲಿ ತುಸು ಕುಗ್ಗಿ ಮರುವರ್ಷವೇ ಬೆಳೆಯಿತು. ಉಕ್ರೇನಿನಲ್ಲಿ ಬಿದ್ದ ಕ್ಷಿಪಣಿಗಳ ಅವಶೇಷ ಬಿಚ್ಚಿದವರಿಗೆ ಒಳಗೆ ಸಿಕ್ಕಿದ್ದು ಅಮೆರಿಕ, ಯುರೋಪಿನ ಚಿಪ್‌ಗಳು.

ಹಾಗಾದರೆ ಅಣುಬಾಂಬ್ ರಷ್ಯಾಕ್ಕೆ ಕೊಟ್ಟದ್ದೇನು? ಗೆಲುವನ್ನಂತೂ ಅಲ್ಲ. ನ್ಯಾಟೊ ಸೈನಿಕರನ್ನು ರಣರಂಗದಿಂದ ದೂರ ಇಟ್ಟಿತು, ಜತೆಗೆ ಸಮಯ ಕೊಟ್ಟಿತು. ಪ್ರತಿ ಹೊಸ ಅಸ್ತ್ರದ ಮೊದಲು ತಿಂಗಳುಗಟ್ಟಲೆ ಚರ್ಚೆ ನಡೆಯುವಾಗ ರಷ್ಯಾ ಕಂದಕ ತೋಡಿತು, ನೆಲಬಾಂಬ್ ಹೂಳಿತು, ಉಗ್ರಾಣಗಳನ್ನು ರಾಕೆಟ್ಟಿನ ವ್ಯಾಪ್ತಿಯಿಂದ ಹಿಂದಕ್ಕೆ ಸರಿಸಿತು. ಎಚ್ಚರಿಕೆ ತಪ್ಪಲ್ಲ, ಅದರ ಬೆಲೆಯನ್ನು ಕೊಟ್ಟವರು ಮಾತ್ರ ಎಚ್ಚರಿಕೆ ವಹಿಸಿದವರಲ್ಲ, ಉಕ್ರೇನಿನವರು.

ಅದೇ ಉಕ್ರೇನಿನ ನೆಲದಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಸುಮಾರು 1,900 ದೂರವ್ಯಾಪ್ತಿಯ ಅಣು ಸಿಡಿತಲೆಗಳಿದ್ದವು. ಅವುಗಳನ್ನು ಹಾರಿಸುವ ಸಂಕೇತಗಳು ಮಾಸ್ಕೋದ ಕೈಯಲ್ಲಿದ್ದವು ಎಂಬುದು ನಿಜ. ಅವನ್ನು ಉಕ್ರೇನ್ ಬಿಟ್ಟುಕೊಡುವುದಕ್ಕೆ ಪ್ರತಿಯಾಗಿ 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಉಕ್ರೇನಿನ ಗಡಿಯನ್ನು ಗೌರವಿಸುವುದಾಗಿ ಸಹಿ ಹಾಕಿದವು. 1996ರೊಳಗೆ ಆ ಸಿಡಿತಲೆಗಳೆಲ್ಲ ರಷ್ಯಾಕ್ಕೆ ಹೋದವು. ಸಹಿಗೂ 5ನೇ ವಿಧಿಗೂ ಇರುವ ಅಂತರವನ್ನು ಫಿನ್ಲೆಂಡ್ ಚೆನ್ನಾಗಿ ಓದಿಕೊಂಡಿತು. ದಶಕಗಳ ಕಾಲ ಯಾವ ಸೇನಾಕೂಟಕ್ಕೂ ಸೇರದಿದ್ದ ಆ ದೇಶ 2023ರ ಏಪ್ರಿಲ್ 4ರಂದು ನ್ಯಾಟೊ ಸೇರಿತು. ರಷ್ಯಾದೊಂದಿಗೆ ಅದರ ಗಡಿ ಸುಮಾರು 1,340 ಕಿ.ಮೀ.; ಆ ಒಂದು ದಿನದಲ್ಲಿ ನ್ಯಾಟೊ ಮತ್ತು ರಷ್ಯಾ ಮುಖಾಮುಖಿಯಾಗುವ ನೆಲಗಡಿ ಇಮ್ಮಡಿಗೂ ಮೀರಿ ಉದ್ದವಾಯಿತು.