ಕಣಭೌತಶಾಸ್ತ್ರದ ಬರಹಗಳಲ್ಲಿ ಏಕಮಾನಗಳ ಮುದ್ರಣ: ಏಕರೂಪತೆಯ ಪ್ರಶ್ನೆ

ಚೆನ್ನೈ ನಗರದ ದಕ್ಷಿಣ ಭಾಗದಲ್ಲಿ ಪೆರುಂಗುಡಿ ಮತ್ತು ತರಮಣಿ ಒಂದಕ್ಕೊಂದು ಹೊಂದಿಕೊಂಡಿರುವ ಪ್ರದೇಶಗಳು. ಅಲ್ಲಾಡಿ ರಾಮಕೃಷ್ಣನ್ ಅವರ ಪ್ರಯತ್ನದಿಂದ 1962ರಲ್ಲಿ ಸ್ಥಾಪನೆಗೊಂಡ ಗಣಿತ ವಿಜ್ಞಾನ ಸಂಸ್ಥೆ ಇಂದು ತರಮಣಿಯಲ್ಲಿದೆ. ಕಣಭೌತಶಾಸ್ತ್ರವು ಅಲ್ಲಿನ ಪ್ರಮುಖ ಅಧ್ಯಯನ ವಿಷಯಗಳಲ್ಲಿ ಒಂದು. ಪೆರುಂಗುಡಿಯನ್ನೂ ಒಳಗೊಂಡ ಈ ಸೀಮೆಯಲ್ಲಿಯೇ ವಿದೇಶೀ ವಿಜ್ಞಾನ ನಿಯತಕಾಲಿಕಗಳ ಪುಟಗಳನ್ನು ಜೋಡಿಸಿಕೊಡುವ ಉದ್ಯಮವೂ ಕಳೆದ ಕೆಲವು ದಶಕಗಳಲ್ಲಿ ನೆಲೆಯೂರಿದೆ. ಅಳೆಯುವವರು, ಅಳತೆಯನ್ನು ಅಚ್ಚಿಗೆ ಸಿದ್ಧಗೊಳಿಸುವವರು ಹೀಗೆ ನೆರೆಹೊರೆಯವರಾಗಿದ್ದಾರೆ. ಪುಟವನ್ನು ಜೋಡಿಸುವವನು ಭೌತವಿಜ್ಞಾನಿಯಾಗಿರಬೇಕಾಗಿಲ್ಲ. ಆದರೂ ಅವನ ಕೈಯಿಂದ ಹೊರಬರುವ ಪುಟದಲ್ಲಿ ಅಳತೆ ಕೆಡದಿರುವುದಕ್ಕೆ ಕಾರಣ, ಏಕಮಾನಗಳನ್ನು ಬರೆಯುವ ಬಗೆಗೆ ಎಲ್ಲರೂ ಒಪ್ಪಿದ ನಿಯಮಗಳಿರುವುದು. ಆ ನಿಯಮಗಳು ಯಾವುವು, ಅದೇ ವಿಷಯವನ್ನು ಕನ್ನಡ ಲಿಪಿಯಲ್ಲಿ ಮುದ್ರಿಸುವಾಗ ಅವು ಎಲ್ಲಿ ಸಾಲದಾಗುತ್ತವೆ, ಕನ್ನಡಕ್ಕೆ ತಕ್ಕ ನಿಯಮ ಯಾವುದಾಗಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸಂಕೇತ ಮತ್ತು ಸಂಕ್ಷೇಪ

ಅಂತಾರಾಷ್ಟ್ರೀಯ ಏಕಮಾನ ವ್ಯವಸ್ಥೆಗೆ ಆ ಹೆಸರು ಬಂದುದು 1960ರಲ್ಲಿ. ಭಾರತವು ಅದಕ್ಕೂ ಮೊದಲೇ, 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೂಲಕ, ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತ್ತು. ಈ ವ್ಯವಸ್ಥೆಯ ಒಂದು ಮೂಲತತ್ತ್ವವನ್ನು ಇಲ್ಲಿ ಗಮನಿಸಬೇಕು: ಏಕಮಾನದ ಹೆಸರು ಭಾಷೆಯಿಂದ ಭಾಷೆಗೆ ರೂಪಾಂತರ ಹೊಂದಬಹುದು, ಆದರೆ ಅದರ ಸಂಕೇತ ಎಲ್ಲ ಭಾಷೆಗಳಿಗೂ ಒಂದೇ. ಸಂಕೇತವು ಗಣಿತದ ಚಿಹ್ನೆಯಂಥದು, ಪದದ ಸಂಕ್ಷೇಪವಲ್ಲ. ಆದಕಾರಣ ಅದರ ಮುಂದೆ ಚುಕ್ಕೆ ಇಡುವಂತಿಲ್ಲ, ಅದಕ್ಕೆ ಬಹುವಚನವಿಲ್ಲ. ಸಂಖ್ಯೆಗೂ ಸಂಕೇತಕ್ಕೂ ನಡುವೆ ತೆರಪು ಇರಬೇಕು. ಪೂರ್ವಪ್ರತ್ಯಯಕ್ಕೂ ಏಕಮಾನಕ್ಕೂ ನಡುವೆ ತೆರಪು ಇರಬಾರದು. ಪರಿಮಾಣವನ್ನು ಸೂಚಿಸುವ ಅಕ್ಷರ ಓರೆಯಾಗಿಯೂ ಏಕಮಾನವನ್ನು ಸೂಚಿಸುವ ಅಕ್ಷರ ನೆಟ್ಟಗೂ ಇರಬೇಕು. ರೋಮನ್ ಲಿಪಿಯ ಚಿಕ್ಕ ‘ಎಂ’ ಓರೆಯಾಗಿದ್ದರೆ ದ್ರವ್ಯರಾಶಿ, ನೆಟ್ಟಗಿದ್ದರೆ ಮೀಟರ್. ಸಾಲಿನ ಕೊನೆಯಲ್ಲಿ ಸಂಖ್ಯೆ ನಿಂತು ಏಕಮಾನ ಮುಂದಿನ ಸಾಲಿಗೆ ಜಾರದಂತೆ ನೋಡಿಕೊಳ್ಳುವುದೂ ಜೋಡಣೆಗಾರನ ಹೊಣೆ.

2. ಕಣಭೌತಶಾಸ್ತ್ರದ ವಿಶೇಷ

ಕಣಭೌತಶಾಸ್ತ್ರದ ಮುಖ್ಯ ಏಕಮಾನವಾದ ಎಲೆಕ್ಟ್ರಾನ್‌ವೋಲ್ಟ್ ಮೇಲಿನ ವ್ಯವಸ್ಥೆಯ ಒಳಗಿನದಲ್ಲ. ಅದರೊಡನೆ ಬಳಸಲು ಅನುಮತಿ ಪಡೆದಿರುವುದು. 2019ರ ಮರುವ್ಯಾಖ್ಯೆಯ ನಂತರ ಅದರ ಬೆಲೆ ನಿಖರವಾಗಿ 1.602176634 × 10⁻¹⁹ ಜೂಲ್. ಇಷ್ಟು ಚಿಕ್ಕ ಏಕಮಾನವನ್ನು ಇಟ್ಟುಕೊಂಡು ಬಹು ದೊಡ್ಡ ವ್ಯಾಪ್ತಿಯನ್ನು ಅಳೆಯಬೇಕಾಗಿರುವುದರಿಂದ ಪೂರ್ವಪ್ರತ್ಯಯಗಳ ಮೇಲೆ ಈ ಶಾಸ್ತ್ರ ಹೊರಿಸುವ ಭಾರ ಹೆಚ್ಚು. ಎಲೆಕ್ಟ್ರಾನಿನ ದ್ರವ್ಯರಾಶಿ 0.511 ಮೆಗಾಎಲೆಕ್ಟ್ರಾನ್‌ವೋಲ್ಟ್; ಪ್ರೋಟಾನಿನದು ಸುಮಾರು 938 ಮೆಗಾಎಲೆಕ್ಟ್ರಾನ್‌ವೋಲ್ಟ್; 2012ರಲ್ಲಿ ಪತ್ತೆಯಾದ ಹಿಗ್ಸ್ ಕಣದ್ದು ಸುಮಾರು 125 ಗಿಗಾಎಲೆಕ್ಟ್ರಾನ್‌ವೋಲ್ಟ್. ಇನ್ನೊಂದು ತುದಿಯಲ್ಲಿ ನ್ಯೂಟ್ರಿನೊ ಇದೆ. ಜರ್ಮನಿಯ ಕಾಟ್ರಿನ್ ಪ್ರಯೋಗ 2025ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅದರ ದ್ರವ್ಯರಾಶಿ 0.45 ಎಲೆಕ್ಟ್ರಾನ್‌ವೋಲ್ಟ್, ಎಂದರೆ 450 ಮಿಲಿಎಲೆಕ್ಟ್ರಾನ್‌ವೋಲ್ಟ್, ಮೀರುವುದಿಲ್ಲ.

ಎಲೆಕ್ಟ್ರಾನ್‌ವೋಲ್ಟ್ ಮೂಲತಃ ಶಕ್ತಿಯ ಏಕಮಾನ. ದ್ರವ್ಯರಾಶಿಯನ್ನು ಹೇಳುವಾಗ ಅದನ್ನು ಬೆಳಕಿನ ವೇಗದ ವರ್ಗದಿಂದಲೂ ಸಂವೇಗವನ್ನು ಹೇಳುವಾಗ ಬೆಳಕಿನ ವೇಗದಿಂದಲೂ ಭಾಗಿಸಬೇಕು. ಆದರೆ ಬೆಳಕಿನ ವೇಗವನ್ನು 1 ಎಂದು ಗ್ರಹಿಸಿ ಮೂರಕ್ಕೂ ಎಲೆಕ್ಟ್ರಾನ್‌ವೋಲ್ಟನ್ನೇ ಬಳಸುವ ರೂಢಿಯೂ ಉಂಟು. ಈ ಲೇಖನದಲ್ಲಿ ಅನುಸರಿಸಿರುವುದೂ ಅದನ್ನೇ. ಎರಡು ರೂಢಿಗಳೂ ಸಾಧುವಾದವು. ಒಂದೇ ಬರಹದಲ್ಲಿ ಎರಡೂ ಬೆರೆತರೆ ಮಾತ್ರ, ಹೇಳುತ್ತಿರುವುದು ಶಕ್ತಿಯೋ ಸಂವೇಗವೋ ಎಂದು ಓದುಗನು ಸಂದೇಹಕ್ಕೆ ಒಳಗಾಗುತ್ತಾನೆ.

ಸಂಕ್ಷೇಪಗಳಿಂದ ಉಂಟಾಗುವ ಗೊಂದಲ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದಲ್ಲಿ ಹಿಂದೆ ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟನ್ನು ‘ಬಿಲಿಯನ್’ ಪದದ ಮೊದಲಕ್ಷರ ಸೇರಿಸಿ ‘ಬೆವ್’ ಎನ್ನುತ್ತಿದ್ದರು. 1954ರಲ್ಲಿ ಬರ್ಕ್ಲಿಯಲ್ಲಿ ಕಾರ್ಯಾರಂಭ ಮಾಡಿದ ‘ಬೆವಟ್ರಾನ್’ ಎಂಬ ವೇಗವರ್ಧಕದ ಹೆಸರಿನಲ್ಲಿ ಅದರ ಗುರುತು ಉಳಿದಿದೆ. ಆದರೆ ಬ್ರಿಟನ್ನಿನಲ್ಲಿಯೂ ಯೂರೋಪಿನ ಇತರ ಹಲವು ದೇಶಗಳಲ್ಲಿಯೂ ಆಗ ಬಿಲಿಯನ್ ಎಂದರೆ ಲಕ್ಷ ಕೋಟಿ. ಒಂದೇ ಪದಕ್ಕೆ ಸಾವಿರಪಟ್ಟು ಅಂತರದ ಎರಡು ಅರ್ಥಗಳಿದ್ದುದರಿಂದ, ಎಲ್ಲೆಡೆಯೂ ಒಂದೇ ಬೆಲೆಯುಳ್ಳ ‘ಗಿಗಾ’ ಅದರ ಸ್ಥಾನವನ್ನು ಪಡೆಯಿತು.

3. ಕನ್ನಡ ಲಿಪಿಯ ಸಮಸ್ಯೆ

ರೋಮನ್ ಲಿಪಿಯಲ್ಲಿ ‘ಮೆಗಾ’ ಮತ್ತು ‘ಮಿಲಿ’ ಎರಡಕ್ಕೂ ಸಂಕೇತ ‘ಎಂ’ ಅಕ್ಷರವೇ. ದೊಡ್ಡಕ್ಷರವಾದರೆ ಹತ್ತು ಲಕ್ಷ ಪಟ್ಟು, ಚಿಕ್ಕಕ್ಷರವಾದರೆ ಸಾವಿರದಲ್ಲಿ ಒಂದು ಭಾಗ. ಎರಡರ ಅಂತರ ನೂರು ಕೋಟಿ ಪಟ್ಟು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಓರೆ ಅಕ್ಷರಕ್ಕೆ ಅರ್ಥಭೇದವನ್ನು ಕೊಡುವ ಸಂಪ್ರದಾಯವೂ ಬೆಳೆದಿಲ್ಲ. ಹೀಗಾಗಿ ಅಂತಾರಾಷ್ಟ್ರೀಯ ಸಂಕೇತಗಳು ಯಾವ ಎರಡು ಸಾಧನಗಳ ಮೇಲೆ ನಿಂತಿವೆಯೋ ಅವೆರಡೂ ಕನ್ನಡದಲ್ಲಿ ದೊರೆಯುವುದಿಲ್ಲ.

ಅವುಗಳ ಸ್ಥಾನದಲ್ಲಿ ನಮ್ಮಲ್ಲಿ ಬಳಕೆಯಾಗುವುದು ಪದದ ಮೊದಲಕ್ಷರಕ್ಕೆ ಚುಕ್ಕೆಯಿಟ್ಟ ಸಂಕ್ಷೇಪ. ‘ಕಿ.ಮೀ.’, ‘ಸೆಂ.ಮೀ.’ ಎಂಬವು ನಿತ್ಯವ್ಯವಹಾರದಲ್ಲಿ ಯಾರಿಗೂ ತೊಡಕಾಗಿಲ್ಲ. ಇದೇ ಕ್ರಮವನ್ನು ಕಣಭೌತಶಾಸ್ತ್ರಕ್ಕೆ ವಿಸ್ತರಿಸಿದಾಗ ತೊಡಕು ತಲೆದೋರುತ್ತದೆ. ‘ಮಿ.’ ಎಂದರೆ ಮಿಲಿಯೋ ಮಿಲಿಯನ್ನೋ? ‘ಮೈ.’ ಎಂದರೆ ಮೈಕ್ರೋ ಆಗಬಹುದು, ಮೈಲಿಯೂ ಆಗಬಹುದು. ‘ಸೆ.’ ಎಂಬುದು ಸೆಕೆಂಡಿಗೂ ಸೆಲ್ಸಿಯಸ್ಸಿಗೂ ಸಲ್ಲುತ್ತದೆ. ‘ಟೆ.’ ಎಂಬುದು ಟೆರಾ ಎಂಬ ಪೂರ್ವಪ್ರತ್ಯಯವೂ ಹೌದು, ಕಾಂತಕ್ಷೇತ್ರದ ಏಕಮಾನವಾದ ಟೆಸ್ಲಾ ಸಹ ಹೌದು. ಒಂದೇ ಪುಟದಲ್ಲಿ ಪ್ರೋಟಾನಿಗೆ ‘938 ಮಿ.ಎ.ವೋ.’ ಎಂದು ಮಿಲಿಯನ್ನಿನ ಅರ್ಥದಲ್ಲಿಯೂ ನ್ಯೂಟ್ರಿನೊಗೆ ‘450 ಮಿ.ಎ.ವೋ.’ ಎಂದು ಮಿಲಿಯ ಅರ್ಥದಲ್ಲಿಯೂ ಅಚ್ಚಾದರೆ, ನ್ಯೂಟ್ರಿನೊ ಪ್ರೋಟಾನಿನ ಅರ್ಧದಷ್ಟು ಭಾರವಾಗಬಹುದೆಂದು ವಿದ್ಯಾರ್ಥಿಯು ತಿಳಿದರೆ ಅವನದು ತಪ್ಪಲ್ಲ. ‘ಮೆ.’, ‘ಮಿ.’ ಎಂದು ಬೇರ್ಪಡಿಸಿದರೂ ನೂರು ಕೋಟಿ ಪಟ್ಟಿನ ಅಂತರವು ಒಂದು ಸ್ವರಚಿಹ್ನೆಯ ಮೇಲೆ ನಿಲ್ಲುತ್ತದೆ. ಕರಡು ತಿದ್ದುವವರ ಕಣ್ಣು ಒಮ್ಮೆ ತಪ್ಪಿದರೂ ಅರ್ಥ ಕೆಡುತ್ತದೆ.

ವ್ಯಾಕರಣದ ತೊಡಕೂ ಒಂದಿದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರಬೇಕು. ‘ಮೀಟರಿನಷ್ಟು’, ‘ಮೀಟರಿಗೆ’ ಎಂಬ ರೂಪಗಳು ಸಹಜ, ‘ಮೀ.ನಷ್ಟು’, ‘ಮೀ.ಗೆ’ ಎಂಬವನ್ನು ಓದುವಾಗ ಕಣ್ಣು ಎಡವುತ್ತದೆ. ಚುಕ್ಕೆಯು ವಾಕ್ಯಾಂತ್ಯದ್ದೋ ಸಂಕ್ಷೇಪದ್ದೋ ಎಂಬ ಸಂದೇಹವೂ ಏಳುತ್ತದೆ. ಗಣಕದಲ್ಲಿ ಜೋಡಿಸುವಾಗ ‘ವೋಲ್ಟ್‌ನಷ್ಟು’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಚಿಹ್ನೆಯನ್ನು ಕೆಲವೆಡೆ ಹಾಕಿ ಕೆಲವೆಡೆ ಬಿಟ್ಟರೆ ಒಂದೇ ಪದ ಎರಡು ರೂಪ ತಾಳುತ್ತದೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಟಕ್ಕೆ ಒಂದೇ ತೆರನಾಗಿರುವುದರಿಂದ ಒಂದರ ಬದಲು ಇನ್ನೊಂದನ್ನು ಒತ್ತಿದರೆ ಪುಟದಲ್ಲಿ ಅದು ತಿಳಿಯದು; ಗಣಕದಲ್ಲಿ ಆ ಸಂಖ್ಯೆಯನ್ನು ಹುಡುಕಿದಾಗ ಮಾತ್ರ ಸಿಗದೆ ಹೋಗುತ್ತದೆ.

4. ಕೋಲಾರದ ಉದಾಹರಣೆ

ಈ ಪ್ರಶ್ನೆ ಕೇವಲ ಅನುವಾದದ್ದಲ್ಲ, ಕರ್ನಾಟಕದ ನೆಲದಲ್ಲಿಯೇ ನಡೆದ ವಿಜ್ಞಾನಕ್ಕೂ ಸಂಬಂಧಿಸಿದ್ದು ಎಂಬುದನ್ನು ಕೋಲಾರದ ಚಿನ್ನದ ಗಣಿ ತೋರಿಸಿಕೊಡುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ತಂಡ ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇಂಥದೇ ಫಲಿತಾಂಶ ದೊರೆಯಿತು. 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಅರಸುವ ಪ್ರಯೋಗವೂ ಕೋಲಾರದಲ್ಲಿ ನಡೆಯಿತು. 2001ರಲ್ಲಿ ಗಣಿಗಾರಿಕೆ ನಿಂತಿತು.

ಆ ಪ್ರಯೋಗಶಾಲೆ ಎಷ್ಟು ಆಳದಲ್ಲಿತ್ತು ಎಂಬುದಕ್ಕೆ ಮೂರು ಉತ್ತರಗಳಿವೆ. ಗಣಿಯ ಲೆಕ್ಕದಲ್ಲಿ ಅದು ಸುಮಾರು ಏಳೂವರೆ ಸಾವಿರ ಅಡಿ. ಮೆಟ್ರಿಕ್ ಲೆಕ್ಕದಲ್ಲಿ ಸುಮಾರು 2.3 ಕಿಲೋಮೀಟರ್. ಕಣಭೌತಶಾಸ್ತ್ರದ ಲೆಕ್ಕದಲ್ಲಿ ಸುಮಾರು 7,000 ಮೀಟರ್ ನೀರಿನ ಸಮಾನ. ವಿಶ್ವಕಿರಣಗಳನ್ನು ತಡೆಯುವುದು ದೂರವಲ್ಲ, ದಾರಿಯಲ್ಲಿ ಸಿಗುವ ದ್ರವ್ಯ, ಕೋಲಾರದ ಶಿಲೆ ನೀರಿಗಿಂತ ಸುಮಾರು ಮೂರು ಪಟ್ಟು ಸಾಂದ್ರವಾದುದು, ಆದುದರಿಂದ 2.3 ಕಿಲೋಮೀಟರ್ ಶಿಲೆ ಸುಮಾರು 7 ಕಿಲೋಮೀಟರ್ ನೀರಿಗೆ ಸಮವಾಗುತ್ತದೆ. ಈ ಮೂರನೆಯ ಅಳತೆಯಿಂದ ‘ನೀರಿನ ಸಮಾನ’ ಎಂಬ ಮಾತು ಬಿಟ್ಟುಹೋಗಿ ‘7,000 ಮೀ.’ ಎಂದಷ್ಟೇ ಅಚ್ಚಾದರೆ ಗಣಿಯ ಆಳ ಮೂರು ಪಟ್ಟಾಗುತ್ತದೆ. ಇದನ್ನೇ ಚದರ ಸೆಂಟಿಮೀಟರಿಗೆ ಇಷ್ಟು ಹೆಕ್ಟೋಗ್ರಾಂ ಎಂದೂ ಬರೆಯುವುದುಂಟು. ಅದನ್ನು ‘ಹೆ.’ ಎಂದು ಮೊಟಕುಗೊಳಿಸಿದರೆ ಕನ್ನಡಿಗರಿಗೆ ಹೊಳೆಯುವುದು ಹೆಕ್ಟೇರ್.

5. ಪರಿಹಾರದ ದಾರಿ

ಆಂಗ್ಲ ಬರಹಗಳಲ್ಲಿ ಈ ಏಕರೂಪತೆಯನ್ನು ಸಾಧಿಸಿದ ಬಗೆ ನಮಗೆ ಮಾರ್ಗದರ್ಶಿಯಾಗಬಲ್ಲದು. ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ ಹೊರತಂದ ‘ಟೆಕ್’ ಜೋಡಣಾ ವ್ಯವಸ್ಥೆಯ ಬುನಾದಿಯ ಮೇಲೆ ಜೋಸೆಫ್ ರೈಟ್ ಅವರ ‘ಎಸ್‌ಐಯುನಿಟ್‌ಎಕ್ಸ್’, ಕಣಭೌತಶಾಸ್ತ್ರಕ್ಕೆಂದೇ ಆಂಡಿ ಬಕ್ಲಿ ಅವರು ರಚಿಸಿದ ‘ಹೆಪ್‌ಯುನಿಟ್ಸ್’ ಎಂಬ ಉಪಕರಣಗಳು ಬೆಳೆದಿವೆ. ಇವುಗಳ ತತ್ತ್ವ ಸರಳ. ಲೇಖಕನು ಸಂಕೇತವನ್ನು ಕೈಯಾರೆ ಬರೆಯುವುದಿಲ್ಲ. ಏಕಮಾನವನ್ನು ಅದಕ್ಕೆ ಗೊತ್ತುಮಾಡಿದ ಹೆಸರಿನಿಂದ ಸೂಚಿಸುತ್ತಾನೆ. ತೆರಪು, ಅಕ್ಷರದ ನಿಲುವು, ಘಾತಾಂಕ, ಓರೆಗೆರೆ ಇವೆಲ್ಲವನ್ನೂ ಒಂದೆಡೆ ನಿರ್ಧರಿಸಿದ ನಿಯಮ ನೋಡಿಕೊಳ್ಳುತ್ತದೆ. ನಿಯಮ ಬದಲಾದರೆ ಇಡೀ ಗ್ರಂಥ ಒಮ್ಮೆಲೇ ಬದಲಾಗುತ್ತದೆ.

ಕನ್ನಡಕ್ಕೆ ಬೇಕಾಗಿರುವುದೂ ಹೀಗೆ ಒಂದೆಡೆ ನಿರ್ಧರಿಸಿದ ಪಟ್ಟಿ. ಅದರಲ್ಲಿ ಈ ಕೆಳಗಿನ ಅಂಶಗಳು ಇರುವುದು ಯುಕ್ತ. ಮೊದಲನೆಯದಾಗಿ, ವಾಕ್ಯದ ನಡುವೆ ಏಕಮಾನದ ಪೂರ್ಣ ಹೆಸರನ್ನೇ ಬರೆಯಬೇಕು. ಪ್ರತ್ಯಯಗಳು ಅದಕ್ಕೆ ಸಹಜವಾಗಿ ಅಂಟಿಕೊಳ್ಳುತ್ತವೆ. ಎರಡನೆಯದಾಗಿ, ಕೋಷ್ಟಕ ಮತ್ತು ಸಮೀಕರಣಗಳಲ್ಲಿ ಅಂತಾರಾಷ್ಟ್ರೀಯ ಸಂಕೇತವನ್ನು ಅದರ ಮೂಲ ಲಿಪಿಯಲ್ಲಿಯೇ ಬಳಸಿ, ಕನ್ನಡ ಹೆಸರನ್ನು ಶೀರ್ಷಿಕೆಯಲ್ಲಿ ಕೊಡಬೇಕು. ಮೂರನೆಯದಾಗಿ, ಪೂರ್ವಪ್ರತ್ಯಯವನ್ನು ಎಂದಿಗೂ ಒಂದಕ್ಷರಕ್ಕೆ ಮೊಟಕುಗೊಳಿಸಬಾರದು. ನಾಲ್ಕನೆಯದಾಗಿ, ‘ಕಿಲೋ’ ಅಥವಾ ‘ಕಿಲೊ’, ‘ಮೀಟರ್’ ಅಥವಾ ‘ಮೀಟರು’ ಎಂಬ ರೂಪಗಳಲ್ಲಿ ಒಂದನ್ನು ಆಯ್ದು ಗ್ರಂಥದುದ್ದಕ್ಕೂ ಪಾಲಿಸಬೇಕು. ಐದನೆಯದಾಗಿ, ಅಂಕಿಗಳನ್ನು ಲಕ್ಷದ ಕ್ರಮದಲ್ಲಿ ಬಿಡಿಸುವುದೋ ಸಾವಿರದ ಕ್ರಮದಲ್ಲಿ ಬಿಡಿಸುವುದೋ, ಬೆಳಕಿನ ವೇಗವನ್ನು 1 ಎಂದು ಗ್ರಹಿಸಲಾಗಿದೆಯೋ ಇಲ್ಲವೋ ಎಂಬುದನ್ನು ಆರಂಭದಲ್ಲಿಯೇ ತಿಳಿಸಬೇಕು.

ಪೂರ್ಣ ಹೆಸರುಗಳಿಂದ ಪುಟ ಹಿಗ್ಗುತ್ತದೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ‘ಮೆಗಾಎಲೆಕ್ಟ್ರಾನ್‌ವೋಲ್ಟ್’ ಉದ್ದವಾದ ಪದವೇ ಸರಿ. ಆದರೆ ಸಂಕೇತದ ಗಿಡ್ಡತನಕ್ಕೆ ಬೆಲೆ ಬಂದಿರುವುದು ಅದು ಒಂದೇ ಅರ್ಥವನ್ನು ಕೊಡುವುದರಿಂದ. ಎರಡರ್ಥ ಕೊಡುವ ಗಿಡ್ಡರೂಪದಿಂದ ಉಳಿಯುವ ಜಾಗಕ್ಕಿಂತ ಕಳೆದುಹೋಗುವ ಅರ್ಥವೇ ಹೆಚ್ಚು. ಪಾರಿಭಾಷಿಕ ಪದಗಳ ಆಯ್ಕೆಯ ಬಗೆಗೆ ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆಯ್ದ ಪದವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ರೀತಿಯಲ್ಲಿ ಅಚ್ಚಿಸುವ ಶಿಸ್ತಿಗೂ ಅಷ್ಟೇ ಗಮನ ಸಲ್ಲಬೇಕಾಗಿದೆ. ವಿಜ್ಞಾನವನ್ನು ಕನ್ನಡದಲ್ಲಿ ಓದುವ ವಿದ್ಯಾರ್ಥಿಗೆ ಮುದ್ರಿತ ಸಂಖ್ಯೆಯ ಹೊರತು ಬೇರೆ ಆಧಾರವಿರುವುದಿಲ್ಲ. ಅದು ಎಷ್ಟು, ಯಾವುದರ ಅಳತೆ ಎಂಬೆರಡೂ ಅವನಿಗೆ ನಿಸ್ಸಂದಿಗ್ಧವಾಗಿ ತಿಳಿಯಬೇಕು.