ಹಾಯಿ ಮತ್ತು ಚಾಪೆ

ಅಳ್ನಾವರದವರಾದ ನಮಗೆ ಸಮುದ್ರವೆಂದರೆ ರೈಲುಗಾಡಿ ಹೋಗುವ ಒಂದು ದಿಕ್ಕು, ಅಷ್ಟೆ. ಹುಬ್ಬಳ್ಳಿ-ಧಾರವಾಡಗಳ ಕಡೆಯಿಂದ ಬಂದ ಗಾಡಿ ನಮ್ಮ ನಿಲ್ದಾಣದಲ್ಲಿ ಒಂದೆರಡು ನಿಮಿಷ ನಿಂತು, ಲೋಂಡಾ, ಕ್ಯಾಸಲ್‌ರಾಕ್‌ಗಳನ್ನು ದಾಟಿ, ದೂಧಸಾಗರದ ಬಳಿ ಘಟ್ಟವಿಳಿದು ಗೋವೆಯನ್ನು ಸೇರುತ್ತದೆ. ನಾವು ಕಾಡಿನ ಅಂಚಿನ ಜನ. ತೇಗದ ದಿಮ್ಮಿ, ಮಳೆ, ಕೆರೆ, ಇವು ನಮಗೆ ಪರಿಚಿತ. ಇಂಥ ಊರಿನ ನಿವೃತ್ತ ಕನ್ನಡ ಅಧ್ಯಾಪಕನೊಬ್ಬ ಹಾಯಿದೋಣಿಯನ್ನು ಕುರಿತು, ಅದೂ ಹಾಯಿದೋಣಿಗೂ ಮನೋವ್ಯಾಧಿಗೂ ಇರುವ ಸಂಬಂಧವನ್ನು ಕುರಿತು ಮಾತನಾಡಹೊರಟರೆ ಕೇಳುಗರಿಗೆ ಸೋಜಿಗವೆನಿಸಬಹುದು. ಮೂರು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನನಗೂ ಹಾಗೆಯೇ ಅನಿಸುತ್ತಿತ್ತು.

ನಮ್ಮ ಸಾಹಿತ್ಯದಲ್ಲಿ ದೋಣಿಗೆ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡ ಅಂಬಿಗರ ಚೌಡಯ್ಯನಿದ್ದಾನೆ. ತುಂಗಭದ್ರೆಯ ದಡದ ಚೌಡದಾನಪುರಕ್ಕೆ ಅವನ ಹೆಸರು ಹೊಂದಿಕೊಂಡಿದೆ. ದಾಸರಿಗೂ ಅಂಬಿಗನೆಂದರೆ ಭಗವಂತನೇ. ಆದರೆ ಈ ದೋಣಿಗಳೆಲ್ಲ ಆಚೆಯ ದಡಕ್ಕೆ ಹೋಗುವಂಥವು. ಭವಸಾಗರ ದಾಟಿದ ಮೇಲೆ ಯಾರೂ ಈಚೆಗೆ ಬರುವ ಮಾತನ್ನಾಡುವುದಿಲ್ಲ. ಹೊರಟ ದಡಕ್ಕೇ ಮರಳುವ ದೋಣಿ, ಎಲ್ಲಿಗೂ ಹೋಗಬೇಕಾಗಿಲ್ಲದ ದೋಣಿ ನಮ್ಮ ಕಾವ್ಯಗಳಲ್ಲಿ ಅಪರೂಪ. ಹಳೆಯ ಧಾರವಾಡ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ‘ಸಮುದ್ರಗೀತೆಗಳು’ ಎಂಬ ಸಂಕಲನವನ್ನೇ ಕೊಟ್ಟರು. ಬಯಲುಸೀಮೆಯ ಕವಿಯೊಬ್ಬ ಸಮುದ್ರಕ್ಕೆ ಹೀಗೆ ಒಲಿದದ್ದನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ. ವಿವರಿಸುವಾಗ ನಾನು ಸಮುದ್ರವನ್ನು ಕಂಡಿದ್ದು ಎರಡೇ ಸಲ, ಅದೂ ದಡದಿಂದ.

ಈಗ ನನ್ನ ವಿಷಯ. ನಿವೃತ್ತಿಯಾದ ಎರಡನೆಯ ವರ್ಷ ಮಡದಿ ತೀರಿಕೊಂಡಳು. ದುಃಖವಾಯಿತು ಎಂದರೆ ಅದರಲ್ಲಿ ಹೇಳುವಂಥದೇನೂ ಇಲ್ಲ. ಎಲ್ಲರಿಗೂ ಆಗುವಂಥದ್ದು. ಆದರೆ ಆರು ತಿಂಗಳು ಕಳೆಯುವ ಹೊತ್ತಿಗೆ ಅದು ದುಃಖವಾಗಿ ಉಳಿದಿರಲಿಲ್ಲ. ಅಳು ಬರುತ್ತಿರಲಿಲ್ಲ, ಹಸಿವಾಗುತ್ತಿರಲಿಲ್ಲ. ನಸುಕಿನ ಮೂರು ಗಂಟೆಗೆ ಎಚ್ಚರವಾದರೆ ಒಂದೇ ವಿಚಾರ ಗಾಣದೆತ್ತಿನಂತೆ ಸುತ್ತುತ್ತಿತ್ತು: ಅವಳನ್ನು ಎರಡು ದಿನ ಮೊದಲು ಡಾಕ್ಟರ ಬಳಿ ಕರೆದೊಯ್ದಿದ್ದರೆ? ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿತ್ತು, ಅರ್ಥ ಹೊಳೆಯುತ್ತಿರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಗೋಡೆಯತ್ತ ಮುಖ ಮಾಡಿ ಮಲಗಿದರೆ ಮಧ್ಯಾಹ್ನವಾದದ್ದೂ ತಿಳಿಯುತ್ತಿರಲಿಲ್ಲ. ಬಂಧುಗಳು ಬಂದು, “ಮನಸ್ಸು ಗಟ್ಟಿ ಮಾಡ್ಕೋರಿ, ನೀವು ಕಲ್ತವರು” ಎಂದು ಹೇಳಿಹೋಗುತ್ತಿದ್ದರು. ಕಾಲು ಮುರಿದವನಿಗೆ ಕಾಲು ಗಟ್ಟಿ ಮಾಡಿಕೋ ಎಂದು ಯಾರೂ ಹೇಳುವುದಿಲ್ಲವಲ್ಲ!

ಕಡೆಗೆ ಮಗಳು ಬಂದಳು. “ಅಪ್ಪಾ, ನಾಳೆ ಧಾರವಾಡಕ್ಕ ಹೋಗೂಣು” ಎಂದಳು. ನಮ್ಮ ಸೀಮೆಯಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತಿಗೆ ಒಂದು ಕುಚೋದ್ಯದ ಅರ್ಥವಿದೆ. ಬ್ರಿಟಿಷರ ಕಾಲದಿಂದ ಅಲ್ಲಿರುವ ಮಾನಸಿಕ ಆಸ್ಪತ್ರೆಯೇ ಅದಕ್ಕೆ ಕಾರಣ. ಇಂದು ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದಿದೆ. ಜನರ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಹೆಸರೇ ಉಳಿದಿದೆ. ಆ ಕುಚೋದ್ಯವನ್ನು ನಾನೂ ತರಗತಿಯಲ್ಲಿ ಮಾಡಿ ನಗಿಸಿದವನೇ. ಹೊರರೋಗಿಗಳ ಸಾಲಿನಲ್ಲಿ ಚೀಟಿ ಹಿಡಿದು ಕುಳಿತಾಗ ಅದು ನೆನಪಾಗಿ ತಲೆ ತಗ್ಗಿಸಿದೆ. ವೈದ್ಯರು ಕಿರಿಯರು. ಅರ್ಧ ತಾಸು ಕೇಳಿ, ಇದಕ್ಕೆ ಖಿನ್ನತೆ ಎನ್ನುತ್ತಾರೆ, ಇದು ಕಾಯಿಲೆ, ನಿಮ್ಮ ಸ್ವಭಾವದ ದೋಷವಲ್ಲ ಎಂದರು. ಗುಳಿಗೆ ಕೊಟ್ಟರು. ಕೆಲವು ವಾರಗಳಲ್ಲಿ ನಿದ್ರೆ ಮರಳಿತು, ಊಟ ಸೇರಿತು. ಮುಂದೆ ನಾನು ಹೇಳುವ ಯಾವುದೂ ಆ ಗುಳಿಗೆಗೆ ಬದಲಿಯಲ್ಲ. ಅದನ್ನು ಇನ್ನೂ ತೆಗೆದುಕೊಳ್ಳುತ್ತಿದ್ದೇನೆ. ಆದರೆ ನಿದ್ರೆ ಬಂದ ಮೇಲೂ ಎದ್ದು ಮಾಡುವುದೇನು ಎಂಬ ಪ್ರಶ್ನೆ ಉಳಿದೇ ಇತ್ತು. ವೈದ್ಯರೂ ಅದನ್ನೇ ಕೇಳಿದರು: ಕೈಗೆ ಏನಾದರೂ ಕೆಲಸ ಉಂಟೇ?

ಆ ಹೊತ್ತಿಗೆ ಪಣಜಿಯಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೆದ. ಭಾನುವಾರಗಳಂದು ಹಾಯಿದೋಣಿ ನಡೆಸುವ ಹವ್ಯಾಸ ಅವನದು. “ಏನೂ ಮಾಡೂದು ಬ್ಯಾಡ ಸರ್, ಬರೇ ಬಂದು ಕುಂದರ್ರಿ” ಎಂದ. ನನಗೆ ಮನಸ್ಸಿರಲಿಲ್ಲ. ಮಗಳು ಟಿಕೀಟು ತೆಗೆಸಿಟ್ಟಿದ್ದರಿಂದ ಹೋದೆ.

ಪಣಜಿಯ ಮುಂದೆ ಹರಿಯುವ ಮಾಂಡವಿಯನ್ನು ತೋರಿಸಿ ಅವನು ಹೇಳಿದ ಸಂಗತಿ ನನ್ನನ್ನು ಸ್ವಲ್ಪ ಅಲುಗಿಸಿತು. ಮಾಂಡವಿಯೆಂದರೆ ನಮ್ಮ ಮಹದಾಯಿಯೇ. ಖಾನಾಪುರ ತಾಲೂಕಿನ ದೇಗಾವದ ಕಾಡಿನಲ್ಲಿ ಹುಟ್ಟಿ, ಘಟ್ಟವಿಳಿದು ಇಲ್ಲಿ ಸಮುದ್ರ ಸೇರುವ ನದಿ. (ಮಹದಾಯಿ ಎಂದೊಡನೆ ನಮ್ಮ ನವಲಗುಂದದವರಿಗೆ ಕುಡಿಯುವ ನೀರಿನ ನೆನಪಾಗಿ ಎದೆ ಬಿಸಿಯಾಗುತ್ತದೆ. ಅದು ಬೇರೆಯೇ ಭಾಷಣದ ವಿಷಯ.) ಈ ನದಿಯಲ್ಲಿರುವ ದಿವಾಡಿ ದ್ವೀಪದ ದೋಣಿಕಟ್ಟೆಯಲ್ಲಿ ನಮ್ಮ ನೌಕಾಪಡೆಗಾಗಿ 56 ಅಡಿ ಉದ್ದದ ಒಂದು ಹಾಯಿನೌಕೆಯನ್ನು ಕಟ್ಟಿ, ಅದಕ್ಕೆ ನದಿಯ ಹೆಸರನ್ನೇ, ಮ್ಹಾದೇಯಿ ಎಂದು ಇಟ್ಟರು. ಅದರಲ್ಲಿ ದಿಲೀಪ ದೊಂದೆ 2009-10ರಲ್ಲಿ ನಾಲ್ಕು ಕಡೆ ತಂಗಿ, ಒಂಟಿಯಾಗಿ ಭೂಮಿಯನ್ನು ಸುತ್ತಿ ಬಂದರು. ಅಭಿಲಾಷ ಟಾಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಸುಮಾರು 150 ದಿನಗಳಲ್ಲಿ ಸುತ್ತಿದರು. ನಮ್ಮ ಹಿತ್ತಿಲಿನಂಥ ಕಾಡಿನ ಒರತೆಯ ಹೆಸರು ಜಗತ್ತನ್ನೇ ಪ್ರದಕ್ಷಿಣೆ ಹಾಕಿ ಬಂದಿದೆ. ಎಷ್ಟೋ ತಿಂಗಳ ಮೇಲೆ ನನಗೆ ಒಂದು ಸಂಗತಿ ಕುತೂಹಲಕರವೆನಿಸಿದ್ದು ಅಂದು.

ನಾನು ಹತ್ತಿದ್ದು ನಾಲ್ಕು ಜನ ಕೂರಬಹುದಾದ ಪುಟ್ಟ ದೋಣಿ. ಕಲಿಸುವವರು ನೌಕಾಪಡೆಯಿಂದ ನಿವೃತ್ತರಾದ, ಮಾತು ಕಡಿಮೆಯ ಕೊಂಕಣಿ ಗೃಹಸ್ಥರು. ತೇಲುವ ಅಂಗಿ ತೊಡಿಸಿ, ಒಂದು ಕೈಗೆ ಚುಕ್ಕಾಣಿಯ ಹಿಡಿಯನ್ನೂ ಇನ್ನೊಂದು ಕೈಗೆ ಹಾಯಿಯ ಹಗ್ಗವನ್ನೂ ಕೊಟ್ಟರು. ಬರೇ ಕುಂದರಿ ಎಂದದ್ದು ಸುಳ್ಳಾಯಿತು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಹಗ್ಗವನ್ನು ಹೆಚ್ಚು ಬಿಗಿದರೆ ದೋಣಿ ವಾಲುತ್ತದೆ, ಸಡಿಲಿಸಿದರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತುಬಿಡುತ್ತದೆ. ಇವೆರಡರ ನಡುವೆ ಒಂದು ಹದವಿದೆ. ಆ ಹದ ಕ್ಷಣಕ್ಷಣಕ್ಕೂ ಜರುಗುತ್ತದೆ, ಏಕೆಂದರೆ ಗಾಳಿ ಜರುಗುತ್ತದೆ. ಅದನ್ನು ಕೆನ್ನೆಯ ಮೇಲೆ ತಿಳಿಯಬೇಕು, ನೀರಿನ ಮೇಲಿನ ಕರಿಯ ತೆರೆಯಲ್ಲಿ ಕಾಣಬೇಕು.

ನನಗೆ ಎಲ್ಲಕ್ಕಿಂತ ಬೆರಗಾದದ್ದು ಎದುರುಗಾಳಿಯ ವ್ಯವಹಾರ. ಗಾಳಿ ಎಲ್ಲಿಂದ ಬೀಸುತ್ತದೆಯೋ ಅಲ್ಲಿಗೆ ಹಾಯಿದೋಣಿ ನೇರವಾಗಿ ಹೋಗಲಾರದು. ಆದರೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲುದು. ಬಾಗಿದ ಹಾಯಿಯ ಎರಡು ಮೈಗಳ ಮೇಲೆ ಗಾಳಿಯ ಒತ್ತಡ ಬೇರೆಬೇರೆಯಾಗಿ ಅದು ದೋಣಿಯನ್ನು ಸೆಳೆಯುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ಅಡಿಯಲ್ಲಿ ನೀರಿಗೆ ಇಳಿಬಿಟ್ಟ ಹಲಗೆ ತಡೆಯುತ್ತದೆ. ಉಳಿದ ಬಲವೆಲ್ಲ ಮುಂದಕ್ಕೆ. ಒಮ್ಮೆ ಎಡ ಓರೆ, ಒಮ್ಮೆ ಬಲ ಓರೆ, ಹೀಗೆ ಅಂಕುಡೊಂಕಾಗಿ ಸಾಗಿ, ಎದುರಿಸಿ ಗೆಲ್ಲಲಾಗದ ಗಾಳಿಯಿಂದಲೇ ಅದರ ಎದುರು ದಿಕ್ಕಿಗೆ ಸೇರಬಹುದು. ಓರೆ ಬದಲಿಸುವಾಗ ಹಾಯಿಯ ಅಡ್ಡಮರ ತಲೆಯ ಮೇಲೆ ಬೀಸಿ ಬರುತ್ತದೆ, ಬಗ್ಗಬೇಕು. ಎರಡು ಸಲ ನಾನು ಬಗ್ಗಲಿಲ್ಲ. ಅದರ ಗುರುತು ಹಣೆಯ ಮೇಲೆ ಬಹಳ ದಿನವಿತ್ತು.

ದಡಕ್ಕೆ ಬಂದಾಗ ಎರಡು ತಾಸು ಕಳೆದಿತ್ತು. ಆ ಎರಡು ತಾಸು ನನಗೆ ನಸುಕಿನ ಆ ವಿಚಾರ ಒಮ್ಮೆಯೂ ಬರಲಿಲ್ಲ. ಬಂದಿಲ್ಲವೆಂಬುದೂ ಮರಳಿ ಬಂದ ಮೇಲೆಯೇ ತಿಳಿದದ್ದು. ಅಂದು ರಾತ್ರಿ ಅದು ಬಂತು, ನಿಜ. ಆದರೆ ಬಿಡುವು ಕೊಡಬಲ್ಲ ಪ್ರಾಣಿ ಅದೆಂಬುದು ಗೊತ್ತಾಗಿತ್ತು.

ಇದರ ಕಾರಣವನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ಖಿನ್ನತೆಯಲ್ಲಿ ಮನಸ್ಸು ತನ್ನನ್ನೇ ತಾನು ಅಗಿಯುತ್ತದೆ. ಪುಸ್ತಕ, ಸಂಗೀತ, ತೀರ್ಥಯಾತ್ರೆ ಇವುಗಳಲ್ಲಿ ಕೈಗಳು ಬಿಡುವಾಗಿರುತ್ತವೆ. ಆದ್ದರಿಂದ ಅಗಿಯುವುದು ನಿಲ್ಲುವುದಿಲ್ಲ. ದೋಣಿಯಲ್ಲಿ ತಪ್ಪಿಗೆ ಉತ್ತರ ಆ ಕ್ಷಣವೇ ಬರುತ್ತದೆ, ಸರಿಪಡಿಸಿದ್ದಕ್ಕೂ ಆ ಕ್ಷಣವೇ. ಎರಡು ದಿನ ಮೊದಲು ಏನು ಮಾಡಬೇಕಿತ್ತೆಂದು ಗಾಳಿ ಕೇಳುವುದಿಲ್ಲ. ಇನ್ನೊಂದು, ದೋಣಿ ಚಿಕ್ಕದು; ಜೊತೆಗಾರನಿಗೆ ‘ತಿರುಗಿಸುತ್ತೇನೆ’ ಎಂದು ಹೇಳದೆ ತಿರುಗಿಸುವಂತಿಲ್ಲ. ತಿಂಗಳುಗಟ್ಟಲೆ ಬಾಯಿ ಬಿಡದವನು ಬಿಡಲೇಬೇಕಾಗುತ್ತದೆ.

ಊರಿಗೆ ಬಂದವನು ಅಧ್ಯಾಪಕನ ಹಳೆಯ ಚಾಳಿಯಂತೆ ಶಬ್ದಕೋಶ ತೆಗೆದೆ. ತಮಿಳಿನಲ್ಲಿ ‘ಪಾಯ್’ ಎಂದರೆ ಹಾಯಿ. ಚಾಪೆ ಎಂದೂ ಅರ್ಥ. ಪಾಲು ಹಾಲಾದಂತೆ, ಪಾವು ಹಾವಾದಂತೆ ಆ ಪಾಯ್ ನಮ್ಮಲ್ಲಿ ಹಾಯಿಯಾಯಿತು. ಅದನ್ನು ಓದಿದಾಗ ಪಡಸಾಲೆಯ ಚಾಪೆಯ ಮೇಲೆ ಕುಳಿತಿದ್ದೆ.

ಅನಂತರ ಸಮುದ್ರಯಾನದ ಗ್ರಂಥಗಳನ್ನು ತರಿಸಿ ಓದತೊಡಗಿದೆ. ಸಮುದ್ರವೇ ಔಷಧವೆಂಬ ನನ್ನ ಹೊಸ ಉತ್ಸಾಹಕ್ಕೆ ಅಲ್ಲಿ ಪೆಟ್ಟು ಬಿತ್ತು. ದೋಣಿಗೂ ಹುಚ್ಚಿಗೂ ಯುರೋಪಿನಲ್ಲಿ ಹಳೆಯ ನಂಟು. 1494ರಲ್ಲಿ ಸೆಬಾಸ್ಟಿಯನ್ ಬ್ರಾಂಟ್ ‘ಮೂರ್ಖರ ನೌಕೆ’ ಎಂಬ ಜರ್ಮನ್ ಕಾವ್ಯವನ್ನು ಪ್ರಕಟಿಸಿದ. ಮಧ್ಯಯುಗದ ಪಟ್ಟಣಗಳು ಬುದ್ಧಿಭ್ರಮಣೆಯಾದವರನ್ನು ನಾವಿಕರಿಗೆ ಒಪ್ಪಿಸಿ ಸಾಗಹಾಕುತ್ತಿದ್ದವೆಂದು 1961ರಲ್ಲಿ ಮಿಶೆಲ್ ಫುಕೊ ಬರೆದ. ಇತಿಹಾಸಕಾರರು ಆಮೇಲೆ ಅದಕ್ಕೆ ಆಧಾರ ಸಾಲದೆಂದರು. ಅದೇನೇ ಇರಲಿ, ಸಾಗಹಾಕುವ ಬಯಕೆಯನ್ನು ನಾವು ಅರಿಯದವರಲ್ಲ. ‘ಧಾರವಾಡಕ್ಕೆ ಕಳಿಸಬೇಕು’ ಎಂಬುದೂ ಅದೇ.

ನನ್ನನ್ನು ಬೆಚ್ಚಿಸಿದ್ದು 1968ರ ಪಂದ್ಯ. ಇಂಗ್ಲೆಂಡಿನ ಪತ್ರಿಕೆಯೊಂದು, ಒಂಟಿಯಾಗಿ ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿದವರಿಗೆ ಬಹುಮಾನವೆಂದು ಸಾರಿತು. ಹೊರಟವರು ಒಂಬತ್ತು ಜನ, ಮುಗಿಸಿದವನು ಒಬ್ಬನೇ, ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವನ ‘ಸುಹೈಲಿ’ ನಮ್ಮ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ದೋಣಿ. ದಿಮ್ಮಿಗಳನ್ನು ನೋಡುತ್ತ ಬೆಳೆದ ನನಗೆ ಅದೊಂದು ಹೆಮ್ಮೆ. ಫ್ರಾನ್ಸಿನ ಬರ್ನಾರ್ ಮ್ವಾತೆಸ್ಯೆ ಗೆಲ್ಲುವ ಸ್ಥಿತಿಯಲ್ಲಿದ್ದೂ ಪಂದ್ಯವನ್ನು ಬಿಟ್ಟು, ಇಂಗ್ಲೆಂಡಿನತ್ತ ತಿರುಗದೆ ತಾಹಿತಿ ದ್ವೀಪಕ್ಕೆ ಹೋಗಿಬಿಟ್ಟ. ಸಮುದ್ರದ ಮೇಲಿನ ಶಾಂತಿಯನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಮೂರನೆಯವನು ಡೊನಾಲ್ಡ್ ಕ್ರೌಹರ್ಸ್ಟ್. ವ್ಯಾಪಾರದಲ್ಲಿ ಸೋಲುತ್ತಿದ್ದ, ನಾಲ್ಕು ಮಕ್ಕಳ ತಂದೆ. ಪಂದ್ಯ ಬಿಟ್ಟರೆ ದೋಣಿಯ ಸಾಲ ತಲೆಯ ಮೇಲೆ ಬೀಳುವಂತಿತ್ತು. 1968ರ ಅಕ್ಟೋಬರ್ 31ರಂದು, ಸಿದ್ಧವಾಗದ ದೋಣಿಯಲ್ಲಿ ಹೊರಟ. ದಕ್ಷಿಣದ ಮಹಾಸಾಗರಕ್ಕೆ ಅದು ತಾಳದೆಂದು ಬೇಗನೆ ಗೊತ್ತಾಯಿತು. ಮರಳುವಂತಿಲ್ಲ, ಮುಂದುವರಿಯುವಂತಿಲ್ಲ. ಅಟ್ಲಾಂಟಿಕ್‌ನಲ್ಲೇ ಅಲೆಯುತ್ತ, ಭೂಮಿ ಸುತ್ತುತ್ತಿದ್ದೇನೆಂದು ರೇಡಿಯೊದಲ್ಲಿ ಸುಳ್ಳು ಸುದ್ದಿ ಕಳಿಸಿದ. ಸುಳ್ಳಿಗೆ ಒಂದು ದಿನಚರಿ, ನಿಜಕ್ಕೊಂದು ದಿನಚರಿ. ಕೊನೆಯ ವಾರದಲ್ಲಿ ದೇವರು, ಕಾಲ, ಪಾಪಗಳ ಬಗ್ಗೆ ಸಾವಿರಾರು ಶಬ್ದಗಳನ್ನು ಬರೆದ. ಕೊನೆಯ ಬರಹ 1969ರ ಜುಲೈ 1ರದು. ಹತ್ತರಂದು ದೋಣಿ ಖಾಲಿಯಾಗಿ ತೇಲುತ್ತಿರುವುದು ಸಿಕ್ಕಿತು. ನಾಕ್ಸ್-ಜಾನ್‌ಸ್ಟನ್ ತನಗೆ ಬಂದ 5,000 ಪೌಂಡುಗಳ ಬಹುಮಾನವನ್ನು ಆ ಕುಟುಂಬಕ್ಕೆ ಕೊಟ್ಟ.

ಅದೇ ವರ್ಷ, ಅದೇ ಪಂದ್ಯ. ಹಾಗಾದರೆ ನೀರಿಗೆ ಗುಣಪಡಿಸುವ ಶಕ್ತಿ ಎಲ್ಲಿದೆ? ಕ್ರೌಹರ್ಸ್ಟನ ಕತೆಯನ್ನು ನಾನು ರಾತ್ರಿಯಿಡೀ ಓದಿದೆ, ಏಕೆಂದರೆ ಅವನ ಎರಡು ದಿನಚರಿಗಳು ನನ್ನಲ್ಲೂ ಇದ್ದವು. ಮಗಳು ಫೋನಿನಲ್ಲಿ ಕೇಳಿದರೆ ‘ಆರಾಮಿದ್ದೇನೆ’ ಎಂಬುದು ಒಂದು, ಗೋಡೆಯ ಕಡೆಯದು ಇನ್ನೊಂದು. ಅವನನ್ನು ಕೊಂದದ್ದು ಅಲೆಯಲ್ಲ. ಸೋತಿದ್ದೇನೆ, ಬರುತ್ತೇನೆ ಎಂದು ದಡಕ್ಕೆ ಹೇಳಲಾಗದ ಸ್ಥಿತಿ. ಅಭಿಲಾಷ ಟಾಮಿಯವರನ್ನು ನೋಡಿ. 2018ರಲ್ಲಿ ಅದೇ ಪಂದ್ಯದ ಹೊಸ ಆವೃತ್ತಿಯಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಕೂವೆಮರ ಮುರಿದು, ಬೆನ್ನೆಲುಬಿಗೆ ಪೆಟ್ಟಾಗಿ ಮಲಗಿದಲ್ಲಿಂದ ಏಳಲಾರದೆ, ಇದ್ದುದನ್ನು ಇದ್ದಂತೆ ದಡಕ್ಕೆ ತಿಳಿಸಿದರು. ಮೂರು ದಿನಗಳಲ್ಲಿ ಫ್ರೆಂಚ್ ಮೀನುಗಾರಿಕೆಯ ಹಡಗೊಂದು ಬಂದು ಎತ್ತಿಕೊಂಡಿತು. ಅವರು 2022ರಲ್ಲಿ ಮತ್ತೆ ಹೊರಟು, 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಮುಗಿಸಿದರು.

ವೈದ್ಯಲೋಕ ಇದನ್ನು ಕಡೆಗಣಿಸಿಲ್ಲ. ಇಟಲಿಯ ಸಾರ್ಡೀನಿಯ ದ್ವೀಪದ ಕಾಲ್ಯಾರಿ ನಗರದಲ್ಲಿ, ತೀವ್ರ ಮನೋವ್ಯಾಧಿಯವರ ಸಣ್ಣ ಗುಂಪನ್ನು ಎರಡಾಗಿಸಿ, ಒಂದು ಭಾಗಕ್ಕೆ ಮೊದಲು ಹಾಯಿದೋಣಿಯ ತರಬೇತಿ ಕೊಟ್ಟು, ಇನ್ನೊಂದನ್ನು ಕಾಯಿಸಿ ಹೋಲಿಸಿದರು. ದೋಣಿಯಲ್ಲಿ ಹೋದವರ ಸ್ಥಿತಿ ಸುಧಾರಿಸಿತೆಂದು 2014ರಲ್ಲಿ ಪ್ರಕಟಿಸಿದರು. ಸಣ್ಣ ಪ್ರಯೋಗ, ಅದರ ಮೇಲೆ ಗೋಪುರ ಕಟ್ಟಬಾರದು. ಆದರೆ ಅಲ್ಲಿ ಯಾರನ್ನೂ ಒಂಟಿಯಾಗಿ ಕಳಿಸಿರಲಿಲ್ಲ. ತರಬೇತಿಯವರಿದ್ದರು, ಜೊತೆಗಾರರಿದ್ದರು, ಔಷಧವಿತ್ತು. ಸ್ವಸ್ಥನಾದವನು ಬೇಕಾದರೆ ಒಬ್ಬನೇ ಸಾಗರ ಸುತ್ತಲಿ, ರೋಗಿಗೆ ನಾಲ್ಕು ಜನರ ದೋಣಿಯೇ ಸರಿ.

ಎರಡು ತಿಂಗಳಿಗೊಮ್ಮೆ ಈಗಲೂ ಹೋಗಿಬರುತ್ತೇನೆ. ಖರ್ಚಿನ ಬಾಬತ್ತು, ಎಲ್ಲರಿಗೂ ಸಾಧ್ಯವಲ್ಲ ಎಂಬುದು ನನಗೆ ಗೊತ್ತು. ಹುಲಿಕೇರಿಯ ಇಂದಿರಮ್ಮನ ಕೆರೆಯಲ್ಲಿ ಒಂದು ಹಾಯಿ ಬಿಚ್ಚಿದರೆ ಹೇಗೆಂದು ವಿದ್ಯಾರ್ಥಿಯನ್ನು ಕೇಳಿದ್ದೇನೆ. ಅವನು ನಗುತ್ತಾನೆ, ಬೇಡವೆಂದಿಲ್ಲ. ಕಷ್ಟವಾಗುವುದು ಜೂನ್ ತಿಂಗಳಿನಿಂದ. ಮಳೆಗಾಲದಲ್ಲಿ ಅಲ್ಲಿ ದೋಣಿಗಳನ್ನು ನೀರಿಗಿಳಿಸುವುದಿಲ್ಲ. ನಮ್ಮಲ್ಲಿಯೂ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ನಸುಕಿನ ಎಚ್ಚರ ಆಗ ಮರಳುತ್ತದೆ. ಕಲಿಸಿದ ಗೃಹಸ್ಥರು ಎರಡು ಮಾರು ಹಗ್ಗವನ್ನು ಕೊಟ್ಟು ಕಳಿಸಿದ್ದಾರೆ. ಪಡಸಾಲೆಯ ಕಂಬಕ್ಕೆ ಅದನ್ನು ಹಾಕಿ ಅವರು ಹೇಳಿಕೊಟ್ಟ ಏಳು ಗಂಟುಗಳನ್ನು ಕಟ್ಟುತ್ತೇನೆ, ಬಿಚ್ಚುತ್ತೇನೆ. ಬೆಳಕು ಹರಿದ ಮೇಲೆ ಮಗಳಿಗೆ ಫೋನು ಮಾಡಿ, ರಾತ್ರಿ ಹೇಗಿತ್ತೆಂಬುದನ್ನು ಇದ್ದಂತೆ ಹೇಳುತ್ತೇನೆ. ಈ ವರ್ಷ ಐದನೆಯ ಗಂಟು ಇನ್ನೂ ಸರಿಬಂದಿಲ್ಲ.